ಕಳಕಪ್ಪ ಎಂಬ ಹೆಸರಿಗೆ ಏನು ಕಡಿಮೆ?

ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ನಿಂತು 'ಕಳಕಪ್ಪಾ...' ಎಂದು ಒಮ್ಮೆ ಜೋರಾಗಿ ಕೂಗಿ ನೋಡಿ. ನಾಲ್ಕಾರು ತಲೆಗಳಾದರೂ ನಿಮ್ಮ ಕಡೆ ತಿರುಗುತ್ತವೆ. ಅದೇ ಹೆಸರನ್ನು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಯಾವುದಾದರೂ ಗೇಟಿನ ಮುಂದೆ ಕೂಗಿ. ಒಂದು ತಲೆಯೂ ತಿರುಗುವುದಿಲ್ಲ. ಹಾಗಂತ ಅಲ್ಲಿ ಕಳಕಪ್ಪ ಎಂಬುವವರೇ ಇಲ್ಲವೆಂದು ತಿಳಿಯಬೇಡಿ. ಇದ್ದಾರೆ. ರೋಣ, ನರಗುಂದ, ಗಜೇಂದ್ರಗಡಗಳಿಂದ ರಾತ್ರಿ ಬಸ್ಸು ಹತ್ತಿ ಬಂದ ಹುಡುಗರು ಅಲ್ಲಿ ಬೇಕಾದಷ್ಟಿದ್ದಾರೆ. ಆದರೆ ಗೇಟಿನ ಒಳಗೆ ಹೋದ ಕೂಡಲೇ ಕಳಕಪ್ಪ 'ಕೇಶ್' ಆಗಿದ್ದಾನೆ, ಶರಣಪ್ಪ 'ಶಾನ್' ಆಗಿದ್ದಾನೆ, ಮಲ್ಲಪ್ಪ 'ಮ್ಯಾಕ್' ಆಗಿದ್ದಾನೆ. ಅವ್ವ ಫೋನ್ ಮಾಡಿ ಪೂರ್ತಿ ಹೆಸರು ಹಿಡಿದು ಕರೆದರೆ ಪಕ್ಕದವರಿಗೆ ಕೇಳಿಸೀತೆಂದು ಕಾರಿಡಾರಿಗೆ ಎದ್ದು ಹೋಗುತ್ತಾನೆ!

ಹೆಸರು ಎರಡಕ್ಷರ ಕಿರಿದಾದರೆ ಕನ್ನಡನಾಡು ಮುಳುಗುತ್ತದೆಯೇ ಎಂದು ಕೇಳುವ ಜಾಣರು ನಮ್ಮಲ್ಲಿ ಕಡಿಮೆಯಿಲ್ಲ. ಮುಳುಗುವುದಿಲ್ಲ ಸ್ವಾಮಿ. ಆದರೆ ಅಂಗಡಿಯ ಬೋರ್ಡು ಇಂಗ್ಲಿಷಿನಲ್ಲಿದ್ದರೆ ಬೀದಿಗಿಳಿಯುವ ನಾವು, ನಮ್ಮದೇ ಕೊರಳಲ್ಲಿ ತೂಗುವ ಐ.ಡಿ. ಕಾರ್ಡಿನ ಬೋರ್ಡನ್ನು ಒಮ್ಮೆಯಾದರೂ ಓದಿಕೊಂಡಿದ್ದೇವೆಯೇ? ಭಾಷೆಯೊಂದು ಮಗುವಿಗೆ ಕೊಡುವ ಮೊದಲ ಪದ ಅದರ ಹೆಸರು. ತೊಟ್ಟಿಲ ಬಳಿ ಸೋದರತ್ತೆ ಕಿವಿಯಲ್ಲಿ ಉಸುರಿದ ಆ ಪದಕ್ಕೇ ನಾಚಿಕೊಳ್ಳುವವನು ಉಳಿದ ಪದಗಳನ್ನು ಉಳಿಸುತ್ತೇನೆಂದರೆ ನಂಬುವವರು ಯಾರು?

ಅದಕ್ಕೇ ಮೊದಲು ಈ ಹೆಸರುಗಳು ಏನು ಹೇಳುತ್ತವೆ ಎಂಬುದನ್ನು ನೋಡೋಣ. ನಾಚಿಕೊಳ್ಳುವುದೋ ಬಿಡುವುದೋ ಆಮೇಲೆ ತೀರ್ಮಾನಿಸಿದರಾಯಿತು.

ಹೆಸರಿನೊಳಗಿನ ಭೂಪಟ

ಗಜೇಂದ್ರಗಡದ ಗುಡ್ಡದಲ್ಲಿ ಕಾಲಕಾಲೇಶ್ವರನ ಗುಡಿಯಿದೆ. ಕಾಲನೆಂದರೆ ಯಮ. ಯಮನಿಗೇ ಯಮನಾದವನು ಕಾಲಕಾಲ. ಈ ಆರಕ್ಷರದ ಸಂಸ್ಕೃತ ಹೆಸರನ್ನು ಆ ಸೀಮೆಯ ಒಕ್ಕಲುಮಕ್ಕಳು ನಾಲಿಗೆಯ ಮೇಲಿಟ್ಟು ತಿದ್ದಿ ತೀಡಿದರು. ದೀರ್ಘವನ್ನು ಹ್ರಸ್ವ ಮಾಡಿದರು, 'ಲ'ಕಾರವನ್ನು 'ಳ'ಕಾರ ಮಾಡಿದರು, ಕೊನೆಗೊಬ್ಬ ಅಪ್ಪನನ್ನು ಅಂಟಿಸಿ 'ಕಳಕಪ್ಪ' ಮಾಡಿಕೊಂಡರು. ಹೆಣ್ಣುಮಗುವಾದರೆ ಕಳಕವ್ವ. ನಾಲ್ಕಕ್ಷರ ಕಲಿತವರ ಮನೆಯಾದರೆ ಕಳಕೇಶ. ಸಾವನ್ನೇ ಹೆದರಿಸುವ ದೇವರ ಹೆಸರನ್ನು ಕೂಸಿನ ರಕ್ಷಣೆಗೆ ಕಟ್ಟಿದ ತಾಯಿತದ ಹಾಗೆ ಇದೆ ಈ ಹೆಸರು. ಹುಡುಗ ತನ್ನ ಹೆಸರು ಹೇಳಿದರೆ ಸಾಕು, 'ಓಹೋ, ಗಜೇಂದ್ರಗಡದ ಕಡೆಯವರೇನು?' ಎಂದು ತಿಳಿದವರು ಕೇಳುತ್ತಾರೆ. ಇದೇ ಹೆಸರಿನ ಕಳಕಪ್ಪ ಬಂಡಿ 2008ರಲ್ಲೂ 2018ರಲ್ಲೂ ರೋಣ ಕ್ಷೇತ್ರದಿಂದ ಗೆದ್ದು ವಿಧಾನಸಭೆಗೆ ಹೋದರು. ಅವರ ರಾಜಕೀಯ ನಿಮಗೆ ಸೇರಲಿ ಬಿಡಲಿ. ವಿಧಾನಸೌಧದ ಮೆಟ್ಟಿಲು ಹತ್ತಲು ಅಡ್ಡಿಯಾಗದ ಹೆಸರು ಕಂಪನಿಯ ಲಿಫ್ಟು ಹತ್ತಲು ಅಡ್ಡಿಯಾಗುತ್ತದೆಯೇ?

ಗದಗ ಸೀಮೆಯ ಹೆಸರುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಎಲ್ಲಪ್ಪ, ಎಲ್ಲವ್ವ ಎಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಹುಲಿಗೆಪ್ಪ, ಹುಲಿಗೆವ್ವ ಎಂದರೆ ತುಂಗಭದ್ರೆಯ ದಂಡೆಯ ಹುಲಿಗೆಮ್ಮ. ಗವಿಸಿದ್ದಪ್ಪ ಕೊಪ್ಪಳದ ಗವಿಮಠದ ಕೂಸು. ಭೀಮವ್ವ ಎಂದರೆ ಆಚೆ ಮನೆಯವರೂ ಇಟಗಿಯ ಭೀಮಾಂಬಿಕೆಯನ್ನು ನೆನೆಯುತ್ತಾರೆ. ದಾನಪ್ಪ, ದಾನವ್ವ ಗುಡ್ಡಾಪುರದ ದಾನಮ್ಮನ ಒಕ್ಕಲು. ಆ ಗುಡ್ಡಾಪುರ ಇರುವುದು ಇವತ್ತಿನ ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ. ಶ್ರೀಶೈಲಪ್ಪನ ದೇವರು ಇವತ್ತಿನ ಆಂಧ್ರಪ್ರದೇಶದಲ್ಲಿ. 1956ರಲ್ಲಿ ರಾಜ್ಯಗಳ ಗೆರೆ ಎಳೆದವರು ನಮ್ಮ ಊರುಗಳನ್ನು ಆಚೆಗೆ ಬಿಟ್ಟರು. ಆದರೆ ನಮ್ಮ ಅವ್ವಂದಿರು ತೊಟ್ಟಿಲಿನಲ್ಲಿ ಎಳೆದ ಗೆರೆ ಅದಕ್ಕಿಂತ ದೊಡ್ಡದು. ಅವರು ಜತ್ತನ್ನೂ ಬಿಟ್ಟಿಲ್ಲ, ಶ್ರೀಶೈಲವನ್ನೂ ಬಿಟ್ಟಿಲ್ಲ.

ಇನ್ನೂ ಒಂದು ಸೋಜಿಗ ಕೇಳಿ. ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ, ಬೆಣ್ಣೆಹಳ್ಳದ ದಂಡೆಯಲ್ಲಿ ಒಂದು ಗದ್ದುಗೆಯಿದೆ. ಹಿಂದೂಗಳು ಚಾಂಗದೇವ ಎನ್ನುತ್ತಾರೆ, ಮುಸ್ಲಿಮರು ರಾಜಾಬಾಗಸವಾರ ಎನ್ನುತ್ತಾರೆ. ಹೀಗಾಗಿ ಈ ಸೀಮೆಯಲ್ಲಿ ಯಮನೂರಪ್ಪನೂ ಉಂಟು, ಯಮನೂರಸಾಬನೂ ಉಂಟು. ಶಿರಹಟ್ಟಿಯ ಫಕೀರೇಶ್ವರ ಮಠದಿಂದ ಫಕೀರಪ್ಪ, ಫಕೀರವ್ವ ಬಂದರು. 'ಫಕೀರ' ಎಂಬುದು ಅರಬ್ಬಿ ಪದ, ಬಡವ ಎಂದರ್ಥ. ಅದಕ್ಕೆ ಕನ್ನಡದ ಅಪ್ಪ ಸೇರಿ ಲಿಂಗಾಯತರ ಮನೆಯ ತೊಟ್ಟಿಲಿಗೆ ಬಂತು. ಮುಳಗುಂದದ ದಾವಲ್ ಮಲಿಕನಿಂದ ದಾವಲಸಾಬ, ದಾವಲಬಿ ಬಂದರು. ಅರಬಸ್ತಾನದ ಪದವನ್ನು ಅಪ್ಪಿಕೊಂಡ ಭಾಷೆ ನಮ್ಮದು. ನರಗುಂದದ ಅರಸ ಭಾಸ್ಕರರಾವ್ ಭಾವೆ ಮರಾಠಿ ಮನೆತನದವನು. 1858ರಲ್ಲಿ ಇಂಗ್ಲಿಷರ ಮೇಲೆ ತಿರುಗಿಬಿದ್ದು ಅದೇ ವರ್ಷ ಬೆಳಗಾವಿಯಲ್ಲಿ ನೇಣಿಗೇರಿದ. ಅವನನ್ನು ನಮ್ಮ ಜನ 'ನರಗುಂದದ ಬಾಬಾಸಾಹೇಬ' ಎಂದು ತಮ್ಮವನನ್ನಾಗಿ ಮಾಡಿಕೊಂಡರು. ಆದ್ದರಿಂದ ಕನ್ನಡದ ಹೆಸರು ಎಂದರೆ ಹೊರಗಿನ ಪದ ಬರಬಾರದು ಎಂಬ ಮಡಿವಂತಿಕೆ ಎಂದು ಯಾರೂ ತಿಳಿಯಬೇಕಿಲ್ಲ. ಬಂದದ್ದು ಕನ್ನಡದ ಬಾಯಲ್ಲಿ ಪಳಗಿತೇ ಇಲ್ಲವೇ ಎಂಬುದೊಂದೇ ಪ್ರಶ್ನೆ.

ಹಾಲಕೆರೆಯ ಅನ್ನದಾನೇಶ್ವರ ಮಠದ ಹೆಸರು ಕೇಳಿದ್ದೀರಿ. 'ಅನ್ನದಾನಪ್ಪ' ಜನರ ಬಾಯಲ್ಲಿ ಸವೆದು 'ಅಂದಾನಪ್ಪ' ಆಯಿತು. ಹಸಿದವನಿಗೆ ಅನ್ನ ಕೊಡುವವನು ಎಂದರ್ಥ. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಕರ್ನಾಟಕ ಒಂದಾಗಲೆಂದು ಮುಂಬಯಿ ಶಾಸನಸಭೆಯ ಸ್ಥಾನಕ್ಕೆ ರಾಜೀನಾಮೆ ಬಿಸಾಕಿ 1953ರಲ್ಲಿ ಉಪವಾಸ ಕುಳಿತರು. ಅನ್ನ ಕೊಡುವವನೆಂಬ ಹೆಸರಿನವರು ನಾಡಿಗಾಗಿ ಅನ್ನ ಬಿಟ್ಟರು! ಇವತ್ತು ನಾವು 'ಕರ್ನಾಟಕ' ಎಂದು ಎದೆ ತಟ್ಟಿಕೊಳ್ಳುವುದರಲ್ಲಿ ಒಬ್ಬ ಅಂದಾನಪ್ಪನ ಹಸಿವೂ ಇದೆ. ಈಗಿನ ಅಂದಾನಪ್ಪನೋ 'ಆ್ಯಂಡಿ' ಆಗಿ ಪಿಜ್ಜಾ ತಿನ್ನುತ್ತಿದ್ದಾನೆ.

ಪೀಟರ್ ಯಾರು, ಕಲ್ಲಪ್ಪ ಯಾರು?

ನಮ್ಮ ಹುಡುಗರಿಗೆ ತಮ್ಮ ಹೆಸರು ಹಳ್ಳಿಗಮಾರನದೆಂಬ ಕೀಳರಿಮೆ. ಕಲ್ಲು, ಮುತ್ತು, ತಿಪ್ಪೆ, ಗುಡ್ಡ ಇವೆಲ್ಲ ಹೆಸರುಗಳೇ ಎಂದು ಮೂಗು ಮುರಿಯುತ್ತಾರೆ. ಹಾಗಾದರೆ ಇವರು ಸ್ಟೈಲು ಎಂದುಕೊಂಡಿರುವ ಹೆಸರುಗಳನ್ನೂ ಬಿಡಿಸಿ ನೋಡಿಬಿಡೋಣ.

ಪೀಟರ್ ಎಂದರೇನು? ಗ್ರೀಕ್ ಭಾಷೆಯಲ್ಲಿ ಕಲ್ಲುಬಂಡೆ. ಅಂದರೆ ನಮ್ಮ ಕಲ್ಲಪ್ಪ. ಮಾರ್ಗರೆಟ್ ಎಂದರೆ ಮುತ್ತು. ನಮ್ಮ ಮುತ್ತವ್ವ. ಪಾಲ್ ಎಂದರೆ ಲ್ಯಾಟಿನ್ನಿನಲ್ಲಿ ಸಣ್ಣವನು. ನಮ್ಮ ಸಣ್ಣಪ್ಪ. ಜಾರ್ಜ್ ಎಂದರೆ ಮಣ್ಣಿನಲ್ಲಿ ದುಡಿಯುವವನು, ಅಪ್ಪಟ ಒಕ್ಕಲಿಗ. ಇಂಗ್ಲೆಂಡಿನ ಆರು ಮಂದಿ ದೊರೆಗಳು ಈ ಒಕ್ಕಲಿಗನ ಹೆಸರಿಟ್ಟುಕೊಂಡೇ ಸಿಂಹಾಸನ ಏರಿದರು. ರೇಚಲ್ ಎಂದರೆ ಹೀಬ್ರೂ ಭಾಷೆಯಲ್ಲಿ ಹೆಣ್ಣು ಕುರಿ. ಡೆಬೊರಾ ಎಂದರೆ ಜೇನುಹುಳ. ಥಾಮಸ್ ಎಂದರೆ ಅವಳಿ. ಪೀಟರ್ ಎಂಬ ಕಲ್ಲು ತನ್ನ ಹೆಸರಿಗೆ ನಾಚುವುದಿಲ್ಲ. ನಮ್ಮ ಕಲ್ಲಪ್ಪ ಮಾತ್ರ 'ಕ್ಯಾಲ್' ಆಗಬೇಕು!

ತಿಪ್ಪಣ್ಣ, ತಿಪ್ಪವ್ವ ಎಂಬ ಹೆಸರು ಕೇಳಿ ನಗುವವರಿದ್ದಾರೆ. ಹುಟ್ಟಿದ ಮಕ್ಕಳು ಒಂದರ ಹಿಂದೊಂದು ಸತ್ತ ಮನೆಯಲ್ಲಿ, ಮುಂದೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಂಡು ಈ ಹೆಸರಿಡುತ್ತಿದ್ದರು. ತಿಪ್ಪೆಗೆ ಎಸೆದದ್ದನ್ನು ಸಾವು ಮುಟ್ಟದಿರಲಿ ಎಂಬ ತಾಯಿಯ ಉಪಾಯ ಅದು. ಚೀನಾದ ಹಳ್ಳಿಗಳಲ್ಲೂ ಇದೇ ಭಯಕ್ಕೆ ಮಗುವಿಗೆ 'ಗೌಶೆಂಗ್' ಎಂದು ಅಡ್ಡಹೆಸರಿಡುತ್ತಿದ್ದರು. ನಾಯಿ ತಿಂದು ಬಿಟ್ಟದ್ದು ಎಂದರ್ಥ. ನೈಜೀರಿಯದ ಯೊರುಬಾ ಜನ 'ಡುರೋಜಾಯೆ' ಎಂದು ಹೆಸರಿಡುತ್ತಾರೆ. ಇಲ್ಲೇ ಇದ್ದು ಬಾಳನ್ನು ಉಣ್ಣು ಎಂದು ಕೂಸನ್ನು ಬೇಡಿಕೊಳ್ಳುವ ಹೆಸರು. 'ಮಾಲೋಮೊ' ಎಂದು ಇನ್ನೊಂದು ಹೆಸರಿದೆ. ಮತ್ತೆ ಹೋಗಬೇಡ ಎಂದು ಅದರ ಅರ್ಥ. ರೋಣದ ಬಾಣಂತಿಯೂ ಆಫ್ರಿಕಾದ ಬಾಣಂತಿಯೂ ಒಬ್ಬರನ್ನೊಬ್ಬರು ಕಂಡವರಲ್ಲ. ಇಬ್ಬರ ಸಂಕಟ ಮಾತ್ರ ಒಂದೇ, ಇಬ್ಬರೂ ಮಗುವಿನ ಹೆಸರಿನಲ್ಲಿ ಅದನ್ನು ಬರೆದಿಟ್ಟಿದ್ದಾರೆ. ನಗುವವರು ಈಗ ನಗಲಿ.

ಹೊಸ ಹೆಸರುಗಳ ಕಥೆಯನ್ನೂ ನೋಡಿ. ಮೊಬೈಲಿನಲ್ಲಿ ಸಿಗುವ ಪಟ್ಟಿ ನೋಡಿ ಮಗಳಿಗೆ 'ಕಿಯಾರಾ' ಎಂದು ಹೆಸರಿಡುವುದು ಈಗ ಗದಗ ಪೇಟೆಯವರೆಗೂ ಬಂದಿದೆ. ಅರ್ಥ ಕೇಳಿದರೆ 'ಬೆಳಕು' ಎನ್ನುತ್ತಾರೆ. ಇಟಲಿಯ 'ಕ್ಯಾರಾ' ಎಂಬ ಹೆಸರಿಗೆ ಬೆಳಕು ಎಂಬ ಅರ್ಥವಿರುವುದು ನಿಜ. ಆದರೆ ಅದೇ ದನಿಯ ಐರ್ಲೆಂಡಿನ 'ಕೀರಾ' ಎಂಬ ಹೆಸರಿಗೆ ಕಪ್ಪು ಎಂದರ್ಥ. ಅಂದರೆ ನಮ್ಮ ಕರಿಯವ್ವ! ಅಜ್ಜಿಯ ಹೆಸರು ಕರಿಯವ್ವ ಎಂದು ಬೇಡವಾಯಿತು. ಅದೇ ಕರಿಯವ್ವ ಐರ್ಲೆಂಡಿನಿಂದ ವಿಮಾನ ಹತ್ತಿ ಬಂದರೆ ಆರತಿ ಎತ್ತುತ್ತೇವೆ. ಬೆಳಕೇ ಬೇಕಿದ್ದರೆ 'ಬೆಳಕು' ಎಂದೇ ಇಟ್ಟರೆ ಯಾರು ಬೇಡವೆಂದರು? ಸಿರಿ, ಇಂಚರ, ಮಲ್ಲಿಗೆ, ಹೊನ್ನಮ್ಮ, ಚೆಲುವ ಇವೆಲ್ಲ ಯಾರ ಮನೆಯಿಂದ ಸಾಲ ತರಬೇಕು? ಕುವೆಂಪು ತಮ್ಮ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ ಎಂದು ಹೆಸರಿಟ್ಟರು. ಸಂಸ್ಕೃತದ ಪದಗಳೇ, ಆದರೆ ಯಾವ ಪಟ್ಟಿಯಿಂದಲೂ ಕದ್ದದ್ದಲ್ಲ, ಕವಿಯ ತಲೆಯಲ್ಲಿ ಹುಟ್ಟಿದ್ದು. ಹೊಸ ಹೆಸರು ಬೇಕೆನ್ನುವವರು ಹೀಗೆ ಹೊಸದನ್ನು ಕಟ್ಟಲಿ.

ಗಜೇಂದ್ರಗಡಕ್ಕೆ ಹತ್ತಿರದ ಸೂಡಿಯನ್ನು ನೋಡಿ. ಜೋಡುಕಳಸದ ಗುಡಿ ಇರುವ ಊರು. ಸುಮಾರು ಸಾವಿರ ವರ್ಷದ ಹಿಂದೆ ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳಿದವಳು ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಅಕ್ಕ. ಅವಳ ಹೆಸರೇ ಅಕ್ಕಾದೇವಿ. ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ಗಟ್ಟಿಗಿತ್ತಿ. ಅವಳಿಗಿದ್ದ ಬಿರುದು 'ಗುಣದ ಬೆಡಂಗಿ'. ಗುಣವೇ ಬೆಡಗಾದವಳು ಎಂದು! ಅವಳಿಗಿಂತ ಮುಂಚಿನ ಸತ್ಯಾಶ್ರಯ ದೊರೆಯ ಬಿರುದು 'ಇರಿವ ಬೆಡಂಗ'. ಅರಮನೆಯಲ್ಲಿ ಹುಟ್ಟಿದ ಹೆಣ್ಣಿಗೆ 'ಅಕ್ಕ' ಎಂಬ ಮನೆಮಾತೇ ಹೆಸರಾಗಿ ಸಾಕಾಗಿತ್ತು. ಅಪಾರ್ಟ್‌ಮೆಂಟಿನಲ್ಲಿ ಹುಟ್ಟಿದ ನಮಗೆ ಸಾಲುತ್ತಿಲ್ಲ.

ಅಪ್ಪ, ಅವ್ವ, ಅಯ್ಯ

ಈಗ ಒಂದು ಕಷ್ಟದ ಮಾತಿಗೆ ಬರೋಣ. 'ನೀವು ಹೇಳುವುದು ಚೆಂದ, ಆದರೆ ಈ ಹಳೆಯ ಹೆಸರಿನಲ್ಲೇ ನಮ್ಮಪ್ಪನನ್ನು ತುಳಿದರಲ್ಲ?' ಎಂದು ದಲಿತ ಕೇರಿಯ ಹುಡುಗನೊಬ್ಬ ಕೇಳಿದರೆ ಏನು ಉತ್ತರ? ಅವನ ಪ್ರಶ್ನೆ ನ್ಯಾಯವಾದದ್ದು. ಗೌಡರ ಮನೆಯ ಬಸಪ್ಪ 'ಬಸಪ್ಪನವರು' ಆಗುತ್ತಿದ್ದ, ಕೇರಿಯ ಬಸಪ್ಪ 'ಬಸ್ಯಾ' ಆಗುತ್ತಿದ್ದ. ಹೆಸರು ಒಂದೇ, ಒಬ್ಬನಿಗೆ ಬಾಲ ಬೆಳೆಯಿತು, ಇನ್ನೊಬ್ಬನ ತಲೆಯನ್ನೇ ಕತ್ತರಿಸಿದರು. ಈರಪ್ಪ ಈರ್ಯಾ ಆದ, ಕಲ್ಲಪ್ಪ ಕಲ್ಯಾ ಆದ. ಕನ್ನಡದ ಹೆಸರು ಕೆಟ್ಟದ್ದಾಗಿ ಹೀಗಾಯಿತೇ? ಕರೆದವರ ನಾಲಿಗೆ ಕೆಟ್ಟಿತ್ತು. ಆ ಅವಮಾನದಿಂದ ಪಾರಾಗಲು ಮಗನಿಗೆ ಗೌತಮ, ಸಿದ್ಧಾರ್ಥ, ಅಶೋಕ, ಭೀಮರಾವ್ ಎಂದು ಹೆಸರಿಟ್ಟ ತಂದೆಯನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇಲ್ಲ. ಅದು ಬಿಡುಗಡೆಯ ಹೆಸರು. ತಲೆ ಎತ್ತಲು ಬದಲಿಸಿದ ಹೆಸರಿಗೂ ತಲೆ ತಗ್ಗಿಸಿ ಬದಲಿಸಿದ ಹೆಸರಿಗೂ ವ್ಯತ್ಯಾಸವಿದೆ.

ಹನ್ನೆರಡನೆಯ ಶತಮಾನದ ಶರಣರು ಈ ರೋಗಕ್ಕೆ ಮದ್ದು ಕೊಟ್ಟಿದ್ದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಆಯ್ದಕ್ಕಿ ಲಕ್ಕಮ್ಮ. ಈ ಹೆಸರುಗಳನ್ನು ಮತ್ತೊಮ್ಮೆ ಓದಿ. ಮುಂದೆ ಕಸುಬಿದೆ, ಅದನ್ನು ಮುಚ್ಚಿಟ್ಟಿಲ್ಲ. ಹಿಂದೆ 'ಅಯ್ಯ', 'ಅಣ್ಣ', 'ಅಮ್ಮ' ಇದೆ, ಅದನ್ನು ಯಾರಿಗೂ ಇಲ್ಲವೆಂದಿಲ್ಲ. ಮೇಲಿನವರು ತಮಗೆ ಮಾತ್ರ ಇಟ್ಟುಕೊಂಡಿದ್ದ ಗೌರವದ ಅಕ್ಷರವನ್ನು ಬೀದಿಗೆ ತಂದು ಎಲ್ಲರಿಗೂ ಹಂಚಿದರು. ನಾವು ಹಳ್ಳಿಯದೆಂದು ಕತ್ತರಿಸಿ ಎಸೆಯುತ್ತಿರುವ 'ಅಪ್ಪ', 'ಅವ್ವ', 'ಅಯ್ಯ' ಇವೇ. ಜಗತ್ತಿನ ಎಷ್ಟು ಭಾಷೆಗಳಲ್ಲಿ ಎರಡು ವರ್ಷದ ಕೂಸನ್ನೂ ಅಪ್ಪ, ಅವ್ವ ಎಂದು ಕರೆಯುತ್ತಾರೆ? ಹುಟ್ಟಿದ ದಿನದಿಂದಲೇ ಮಗುವಿಗೆ ಹಿರಿಯರ ಮರ್ಯಾದೆ ಕೊಡುವ ಹೆಸರನ್ನು ಬಿಟ್ಟು 'ಶಾನ್' ಎಂಬ ಒಂಟಿ ಶಬ್ದಕ್ಕೆ ಜೋತುಬೀಳುವುದು ಯಾವ ನಾಗರಿಕತೆ? ಗದುಗಿನ ನಾರಣಪ್ಪ ಮಹಾಭಾರತವನ್ನೇ ಕನ್ನಡಕ್ಕೆ ತಂದ. ಹೆಸರಿನ ಕೊನೆಯ ಅಪ್ಪ ಅವನಿಗೆ ಭಾರವಾಗಲಿಲ್ಲ.

ಕಿತ್ತುಕೊಂಡವರು, ಬಿಟ್ಟುಕೊಟ್ಟವರು

ದಕ್ಷಿಣ ಆಫ್ರಿಕಾದ ಹಳ್ಳಿಯೊಂದರಲ್ಲಿ ಏಳು ವರ್ಷದ ಹುಡುಗನೊಬ್ಬ ಶಾಲೆಗೆ ಹೋದ. ಹೆಸರು ರೋಲಿಹ್ಲಾಹ್ಲಾ. ಮರದ ಕೊಂಬೆ ಎಳೆಯುವವನು, ತಂಟೆಕೋರ ಎಂದರ್ಥ. ಮೊದಲ ದಿನವೇ ಶಿಕ್ಷಕಿ ಅವನಿಗೆ ಒಂದು ಇಂಗ್ಲಿಷ್ ಹೆಸರು ಕೊಟ್ಟರು. ಆ ಹೆಸರು ನೆಲ್ಸನ್. ಮಂಡೇಲಾ ಅವರ ಕಥೆ ಇದು. ಆಫ್ರಿಕಾದ ಮಕ್ಕಳಿಗ ಬಿಳಿಯರ ನಾಲಿಗೆಗೆ ಒಗ್ಗುವ ಹೆಸರು ಕೊಡುವುದು ಆಗ ರೂಢಿಯಾಗಿತ್ತು. ಕೀನ್ಯಾದ ಜೇಮ್ಸ್ ಗೂಗಿ ಆ ಜೇಮ್ಸನ್ನು ಕಿತ್ತೆಸೆದು 'ಗೂಗಿ ವಾ ಥಿಯೊಂಗೊ', ಅಂದರೆ ಥಿಯೊಂಗೊನ ಮಗ ಗೂಗಿ ಆದರು. ಹೆಸರು ಬದಲಿಸಿ ಸುಮ್ಮನಾಗಲಿಲ್ಲ, ಇಂಗ್ಲಿಷಿನಲ್ಲಿ ಕಾದಂಬರಿ ಬರೆಯುವುದನ್ನು ಬಿಟ್ಟು ತಮ್ಮ ಗಿಕುಯು ಭಾಷೆಗೆ ಬಂದರು. ಆ ಭಾಷೆಯ ಮೊದಲ ಕಾದಂಬರಿಯನ್ನು ಜೈಲಿನಲ್ಲಿ ಟಾಯ್ಲೆಟ್ ಕಾಗದದ ಮೇಲೆ ಬರೆದರು. ಅವರು ತೀರಿಕೊಂಡದ್ದು 2025ರಲ್ಲಿ.

1940ರಲ್ಲಿ ಜಪಾನಿನ ಆಳ್ವಿಕೆ ಕೊರಿಯಾದ ಜನ ಜಪಾನಿ ಹೆಸರು ಹಿಡಿಯುವಂತೆ ಒತ್ತಾಯ ಮಾಡಿತು. ಯುದ್ಧದಲ್ಲಿ ಜಪಾನ್ ಸೋತ ಮೇಲೆ ಕೊರಿಯನ್ನರು ಮೊದಲು ವಾಪಸ್ ಪಡೆದ ಆಸ್ತಿಗಳಲ್ಲಿ ಅವರ ಹೆಸರೂ ಒಂದು. 1984-85ರ ಚಳಿಗಾಲದಲ್ಲಿ ಬಲ್ಗೇರಿಯಾದ ಕಮ್ಯುನಿಸ್ಟ್ ಸರ್ಕಾರ ಪೊಲೀಸರನ್ನು ಕಳಿಸಿ ಅಲ್ಲಿನ ತುರ್ಕಿ ಜನರ ಹೆಸರುಗಳನ್ನು ಬಲವಂತವಾಗಿ ಬದಲಿಸಿತು. ತಮ್ಮ ಹೆಸರನ್ನು ಬಿಡಲೊಪ್ಪದೆ ಜನ ಬೀದಿಗಿಳಿದರು, ಜೈಲಿಗೆ ಹೋದರು, ಸತ್ತರು. 1989ರ ಬೇಸಿಗೆಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಂದಿ ದೇಶ ಬಿಟ್ಟು ತುರ್ಕಿಗೆ ನಡೆದರು. ಅದೇ ವರ್ಷದ ಕೊನೆಗೆ ಆ ಆಡಳಿತ ಬಿದ್ದ ಮೇಲೆ ಹೆಸರುಗಳು ಮರಳಿ ಬಂದವು.

ಅವರಿಂದ ಹೆಸರು ಕಿತ್ತುಕೊಳ್ಳಲು ಸೈನ್ಯ ಬೇಕಾಯಿತು, ಪೊಲೀಸರು ಬೇಕಾದರು. ನಮ್ಮಿಂದ? ಒಂದು ಇಂಟರ್‌ವ್ಯೂ ಸಾಕಾಯಿತು. ಟೀಮಿನವರು 'ನಿಮ್ಮ ಹೆಸರು ಹೇಳಲು ಕಷ್ಟ' ಎಂದು ನಕ್ಕ ಒಂದು ನಗೆ ಸಾಕಾಯಿತು. ರಷ್ಯಾದ 'ದಾಸ್ತಯೇವ್‌ಸ್ಕಿ' ಎಂದು ಉಚ್ಚರಿಸಲು ಕಲಿಯುವ ನಾಲಿಗೆಗೆ 'ಕಳಕಪ್ಪ' ಕಷ್ಟವೇ? ಘಾನಾದ ಅಕಾನ್ ಜನ ಹುಟ್ಟಿದ ವಾರವನ್ನೇ ಹೆಸರಾಗಿ ಇಡುತ್ತಾರೆ. ಶುಕ್ರವಾರ ಹುಟ್ಟಿದ ಗಂಡುಮಗು ಕೋಫಿ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾದ ಕೋಫಿ ಅನ್ನಾನ್ 'ಫ್ರೈಡೇ' ಎಂದು ತರ್ಜುಮೆಯಾಗಲಿಲ್ಲ. ಇಡೀ ಜಗತ್ತು ಕೋಫಿ ಎನ್ನುವುದನ್ನು ಕಲಿಯಿತು.

ಐಸ್‌ಲೆಂಡ್ ಎಂಬ ಪುಟ್ಟ ದೇಶವಿದೆ. ಜನಸಂಖ್ಯೆ ನಾಲ್ಕು ಲಕ್ಷದ ಆಸುಪಾಸು, ನಮ್ಮ ಗದಗ ಜಿಲ್ಲೆಯಷ್ಟೂ ಇಲ್ಲ. ಅಲ್ಲಿ 1991ರಲ್ಲಿ ಹೆಸರುಗಳಿಗೆಂದೇ ಒಂದು ಸಮಿತಿ ರಚಿಸಿದರು. ಹೊಸ ಹೆಸರು ಐಸ್‌ಲೆಂಡಿನ ಭಾಷೆಯ ಅಕ್ಷರಗಳಲ್ಲಿ ಬರೆಯುವಂತಿರಬೇಕು, ಆ ಭಾಷೆಯ ವಿಭಕ್ತಿ ಪ್ರತ್ಯಯ ಹತ್ತುವಂತಿರಬೇಕು. ಅಲ್ಲಿನ ರಾಷ್ಟ್ರಾಧ್ಯಕ್ಷೆಯಾಗಿ 1980ರಿಂದ 1996ರವರೆಗೆ ಇದ್ದವರು ವಿಗ್ದೀಸ್ ಫಿನ್‌ಬೊಗಾದೋತ್ತಿರ್. ಫಿನ್‌ಬೊಗಿಯ ಮಗಳು ವಿಗ್ದೀಸ್ ಎಂದರ್ಥ. ನಮ್ಮಲ್ಲೂ ಅಂಥ ಸಮಿತಿ ಬೇಕೆಂದು ನಾನು ಹೇಳುತ್ತಿಲ್ಲ. ತೊಟ್ಟಿಲ ಹತ್ತಿರ ಸರ್ಕಾರ ಬರುವುದು ಬೇಡ. ಆದರೆ ನಾಲ್ಕು ಲಕ್ಷ ಜನಕ್ಕಿರುವ ಹಟದಲ್ಲಿ ಕಾಲುಪಾಲಾದರೂ ಕೋಟಿಗಟ್ಟಲೆ ಕನ್ನಡಿಗರಿಗೆ ಬೇಡವೇ?

ಒಬ್ಬ ಈರಪ್ಪ, ಮೂವರು ರೈತರು

ಇಷ್ಟೂ ಬರೀ ಅಭಿಮಾನದ ಮಾತು ಎನ್ನುವವರು ನರಗುಂದದ ಕಡೆಯ ರೈತನ ಕಾಗದಗಳ ಕಟ್ಟು ಬಿಚ್ಚಿ ನೋಡಲಿ. 'ಈರಪ್ಪ' ಎಂದು ಕನ್ನಡದಲ್ಲಿ ಬರೆಯಲು ಒಂದೇ ದಾರಿ. ಇಂಗ್ಲಿಷಿಗೆ ಹೋದರೆ? ಆಧಾರ್ ಕಾರ್ಡಿನಲ್ಲಿ 'ಐ' ಅಕ್ಷರದಿಂದ ಶುರು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಎರಡು 'ಇ' ಹಾಕಿರುತ್ತಾರೆ. ಇನ್ನೆಲ್ಲೋ ಓದಿದ ಗುಮಾಸ್ತ ಶುದ್ಧ ಮಾಡುತ್ತೇನೆಂದು ಈರಪ್ಪನನ್ನು 'ವೀರಪ್ಪ' ಮಾಡಿ 'ವಿ' ಹಾಕಿರುತ್ತಾನೆ. ಒಬ್ಬ ರೈತ ಮೂರು ಜನವಾದ! ಬೆಳೆ ಹಾನಿಯ ಪರಿಹಾರ ಬಂದಾಗ, ವಿಮೆ ಬಂದಾಗ, 2019ರಲ್ಲಿ ಶುರುವಾದ ಪಿ.ಎಂ. ಕಿಸಾನ್ ಹಣ ಬರಬೇಕಾದಾಗ ಕಂಪ್ಯೂಟರ್ ಹೇಳುವುದು ಒಂದೇ ಮಾತು: 'ಹೆಸರು ತಾಳೆಯಾಗುತ್ತಿಲ್ಲ.' ಈರಪ್ಪನೂ ವೀರಪ್ಪನೂ ಒಬ್ಬನೇ ಎಂದು ಸಾಬೀತು ಮಾಡಲು ಅವನು ಬಾಂಡ್ ಪೇಪರ್ ಕೊಳ್ಳಬೇಕು, ನೋಟರಿಗೆ ದುಡ್ಡು ಕೊಡಬೇಕು, ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆಯಬೇಕು. ಹೊಲದ ಉತಾರದಲ್ಲಿ ಅವನ ಹೆಸರು ಕನ್ನಡದಲ್ಲಿ ಸರಿಯಾಗಿಯೇ ಇರುತ್ತದೆ. ಕೇಳುವವರು ಯಾರು?

ಇದೇ ನರಗುಂದದಲ್ಲಿ 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರಿನ ಕರ, ಅಭಿವೃದ್ಧಿ ಕರದ ವಿರುದ್ಧ ಎದ್ದು ನಿಂತರು. ಗೋಲಿಬಾರಿನಲ್ಲಿ ಸತ್ತ ರೈತರ ನೆನಪಿನ ವೀರಗಲ್ಲು ಅಲ್ಲಿದೆ, ಪ್ರತಿ ವರ್ಷ ಆ ದಿನ ರೈತರು ಅಲ್ಲಿ ಸೇರುತ್ತಾರೆ. ಕರ ವಸೂಲಿಗೆ ಬರುವಾಗ ಯಾವ ಸರ್ಕಾರವೂ ಹೆಸರಿನ ಅಕ್ಷರ ಎಣಿಸುವುದಿಲ್ಲ. ಕೊಡುವ ಹೊತ್ತು ಬಂದಾಗ ಮಾತ್ರ ಇಂಗ್ಲಿಷ್ ಸ್ಪೆಲ್ಲಿಂಗ್ ಅಡ್ಡ ಬರುತ್ತದೆ.

ಇಂಗ್ಲಿಷಿನ ಅಕ್ಷರಕ್ಕೆ ನಮ್ಮ 'ಳ' ತಿಳಿಯದು, 'ಣ' ತಿಳಿಯದು. ಕಳಕಪ್ಪನನ್ನು ಇಂಗ್ಲಿಷಿನಲ್ಲಿ ಬರೆದು ಹೊರಗಿನವನಿಗೆ ಓದಲು ಕೊಡಿ. 'ಕಲಕಪ್ಪ' ಎನ್ನುತ್ತಾನೆ. ಯಮನನ್ನು ಗೆದ್ದವನು ಸಾರು ಕಲಕುವವನಾದ! ರೋಣದ ಗತಿ ಇನ್ನೂ ಚೆಂದ. ದ್ರೋಣನ ಊರು ಎಂದು ಜನ ಕಥೆ ಹೇಳುವ, ಭೀಮಸೇನ ಜೋಶಿ 1922ರಲ್ಲಿ ಹುಟ್ಟಿದ ಊರು ಅದು. ಇಂಗ್ಲಿಷಿನ ಮೂರಕ್ಷರದಲ್ಲಿ ಬರೆದರೆ ಅದು 'ರಾನ್', ರೊನಾಲ್ಡ್ ಎಂಬ ದೊರೆಯ ಮುದ್ದಿನ ಹೆಸರು. 2014ರ ನವೆಂಬರ್ 1ರಂದು ಬೆಂಗಳೂರು, ಬೆಳಗಾವಿ, ಹುಬ್ಬಳ್ಳಿ ಸೇರಿ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಕನ್ನಡದ ಉಚ್ಚಾರಕ್ಕೆ ಬಂತು. ರೋಣ, ನರಗುಂದ, ಗಜೇಂದ್ರಗಡಗಳು ಆ ಪಟ್ಟಿಯಲ್ಲಿರಲಿಲ್ಲ. ದೊಡ್ಡ ಊರಿಗೊಂದು ನ್ಯಾಯ, ಸಣ್ಣ ಊರಿಗೊಂದು ನ್ಯಾಯವೇ?

ಮಾಡಬೇಕಾದ್ದು

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಕರ್ನಾಟಕದಲ್ಲಿ ಜನನ ಪ್ರಮಾಣಪತ್ರದಿಂದ ಹಿಡಿದು ಮಾರ್ಕ್ಸ್ ಕಾರ್ಡು, ಪಾಸ್‌ಬುಕ್ಕಿನವರೆಗೆ ಮನುಷ್ಯನ ಕನ್ನಡ ಲಿಪಿಯ ಹೆಸರೇ ಮೂಲ ಎಂದು ಸರ್ಕಾರ ಒಪ್ಪಬೇಕು. ಇಂಗ್ಲಿಷ್ ಸ್ಪೆಲ್ಲಿಂಗ್ ಅದರಿಂದ ಒಂದೇ ನಿಯಮದ ಪ್ರಕಾರ ಹುಟ್ಟಬೇಕು, ಗುಮಾಸ್ತನ ಮರ್ಜಿಯ ಪ್ರಕಾರ ಅಲ್ಲ. ಉತಾರದಲ್ಲಿ ಕನ್ನಡ ಹೆಸರು ತಾಳೆಯಾದರೆ ಇಂಗ್ಲಿಷಿನ ಒಂದಕ್ಷರಕ್ಕಾಗಿ ಯಾವ ರೈತನ ಹಣವನ್ನೂ ತಡೆಯಬಾರದು. ಸಣ್ಣ ಊರುಗಳ ಇಂಗ್ಲಿಷ್ ಬರವಣಿಗೆಯೂ ಕನ್ನಡದ ಉಚ್ಚಾರಕ್ಕೆ ಬರಬೇಕು. ಎಂ.ಎಂ. ಕಲಬುರ್ಗಿಯವರು 'ಕನ್ನಡ ನಾಮವಿಜ್ಞಾನ' ಬರೆದು ಹೆಸರುಗಳ ಅಧ್ಯಯನಕ್ಕೆ ದಾರಿ ಹಾಕಿಕೊಟ್ಟರು. ಅವರಿದ್ದ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗರು ತಮ್ಮ ತಮ್ಮ ಊರಿನ ಹೆಸರುಗಳನ್ನು ಪಟ್ಟಿ ಮಾಡಲಿ. ಅಜ್ಜ ಅಜ್ಜಿಯರು ಇರುವಾಗಲೇ ಕೇಳಿ ಬರೆದುಕೊಳ್ಳಲಿ. ಅವರು ಹೋದರೆ ಅರ್ಥವೂ ಹೋಯಿತು.

ಸರ್ಕಾರ ಮಾಡುವುದನ್ನು ಸರ್ಕಾರದಿಂದ ಮಾಡಿಸೋಣ. ನಾವು ಮಾಡಬೇಕಾದದ್ದಕ್ಕೆ ಯಾವ ಆದೇಶವೂ ಬೇಕಿಲ್ಲ. ಗೆಳೆಯಾ, ನಾಳೆ ಆಫೀಸಿನಲ್ಲಿ ಯಾರಾದರೂ ಹೆಸರು ಕೇಳಿದರೆ ಪೂರ್ತಿ ಹೇಳು. ಉಚ್ಚರಿಸಲು ತಡವರಿಸಿದರೆ ಇನ್ನೊಮ್ಮೆ ನಿಧಾನವಾಗಿ ಹೇಳಿಕೊಡು. ಅರ್ಥ ಕೇಳಿದರೆ ಅರ್ಥವನ್ನೂ ಹೇಳು. ಕೇಶ್ ಎಂದು ಕರೆದರೆ ತಿರುಗಬೇಡ. ಮನೆಯಲ್ಲಿ ತೊಟ್ಟಿಲು ಕಟ್ಟುವ ದಿನ ಬಂದಾಗ ಮೊಬೈಲ್ ಕೆಳಗಿಟ್ಟು ಅವ್ವನನ್ನು ಕೇಳು. ಅವಳ ಹತ್ತಿರ ಹೆಸರುಗಳಿಗೆ ಬರವಿಲ್ಲ.